ಮೇಕೆಯ ಸ್ಲೈಡು

ರಾಚಣ್ಣ,

ನಾನು ತಪ್ಪು ಮಾಡಿದ್ದೇನೆ. ನೀವು ತೀರಿಕೊಂಡ ಮೂರೇ ತಿಂಗಳಿಗೆ ನಿಮ್ಮ ಮೇಕೆಯ ಸ್ಲೈಡನ್ನು ಕೈಬಿಟ್ಟೆ. ಅದರಿಂದ ಅಂತರಸಂತೆಯ ಪುಟ್ಟತಾಯಕ್ಕ, ತಾನಿನ್ನು ಉಳಿಯುವುದಿಲ್ಲವೆಂದು, ಏಳು ವರ್ಷದ ಮಗಳನ್ನು ಕೆ.ಆರ್. ನಗರದ ತಂಗಿಯ ಮನೆಗೆ ಕಳಿಸಿಬಿಟ್ಟರು.

ಹುಣಸೂರಿನ ಆಸ್ಪತ್ರೆಯ ಲ್ಯಾಬಿಗೆ ನಿಮ್ಮ ಕೈಕೆಳಗೆ ಸೇರಿದ ಮೊದಲ ವಾರ ನೆನಪಿದೆಯಾ? ಮೇಣದಲ್ಲಿ ಹುಗಿದ ಲಿವರ್ ಚೂರನ್ನು ಕಾಗದಕ್ಕಿಂತ ತೆಳುವಾಗಿ ಸೀಳಿ, ಗಾಜಿನ ಮೇಲೆ ಕೂರಿಸಿ, ಮೂರು ಬಣ್ಣ ಹಾಕಿ ತೋರಿಸಿದಿರಿ. ಜೀವಕಣಗಳೊಳಗಿನ ಚುಕ್ಕಿ ಕಪ್ಪು, ಮಾಂಸ ಕೆಂಪು, ಗಾಯ ಮಾಗಿ ಗಟ್ಟಿಯಾದ ನಾರು ನೀಲಿ. "ನೀಲಿ ಎಷ್ಟು ಹಬ್ಬದೆ ನೋಡ್ಲಾ. ಡಾಕ್ಟ್ರು ಕೇಳೋದೇ ಅದುನ್ನ." ರೋಗಿಯ ಗಾಜಿನ ಪಕ್ಕದಲ್ಲಿ ಪ್ರತಿ ಸಲವೂ ಮೇಕೆ ಕರುಳಿನ ಗಾಜೊಂದು ಅದೇ ಬಣ್ಣಗಳಲ್ಲಿ ಮುಳುಗೇಳಬೇಕಿತ್ತು. ನನಗೆ ಮೈ ಉರಿಯಿತು.

"ಬಡವರ ಆಸ್ಪತ್ರೆ ಬಣ್ಣ ಅಣ್ಣ ಇದು. ಮೇಕೆಗ್ಯಾಕೆ ಎಡೆ ಇಕ್ತೀರಿ?"

"ಏ ಪಾಂಪ್ಲೆಟ್ಟು, ಮೇಕೆ ಮಾಂಸ ಕೆಂಪಗೆ ಬರ್ಬೇಕು ಅಂತ ನಮಗೆ ಗೊತ್ತದೆ. ಬರ್ನಿಲ್ಲ ಅಂದ್ರೆ ಕೆಟ್ಟಿರೋದು ಬಣ್ಣ, ರೋಗಿ ಅಲ್ಲ ಕಣ್ಲಾ."

ಬಡವರ ಹಕ್ಕಿನ ಸಭೆಗಳಿಂದ ಪಾಂಪ್ಲೆಟ್ಟು ಹೊತ್ತು ತರುತ್ತಿದ್ದ ನನಗೆ ನೀವಿಟ್ಟ ಹೆಸರು ಅದು. ಪಿರಿಯಾಪಟ್ಟಣದ ಸಭೆಯಲ್ಲಿ ನಾನು ಕೊಂಡು ತಂದ ಕಿರುಹೊತ್ತಿಗೆಯನ್ನು ಊಟದ ಹೊತ್ತಿನಲ್ಲಿ ಪೂರ್ತಿ ಓದಿ ವಾಪಸು ಕೊಟ್ಟಿರಿ. "ಚೆನ್ನಾಗಿ ಬರ್ದವ್ನೆ. ತನ್ ಮಾತ್ನ ಪರೀಕ್ಸೆ ಮಾಡ್ಕೊಳಾಕೆ ಇವುನ್ಗೂ ಒಂದ್ ಮೇಕೆ ಬೇಕಿತ್ತು." ಎರಡು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಮೂರನೆಯ ದಿನ ನೀವೇ ಟೀ ತಂದು ಮುಂದಿಟ್ಟು...

ಪುಟ್ಟತಾಯಕ್ಕನ ಲಿವರ್ ಚೂರು ಬಂದ ದಿನ ಕೆಂಪು ಬಣ್ಣದ ಸೀಸೆ ಹಳತಾಗಿತ್ತು. ಜನರ ವಸ್ತು, ಚೆಲ್ಲುವುದು ಹೇಗೆ ಅಂದುಕೊಂಡೆ. ಮೇಕೆಗೆ ದಂಡ ಮಾಡುವುದೂ ಬೇಡವೆನಿಸಿತು. ಸತ್ವವಿಲ್ಲದ ಕೆಂಪು ಹಿಡಿಯದೆ ಬಿಟ್ಟ ಕಡೆಯೆಲ್ಲ ನೀಲಿ ನುಗ್ಗಿತು. ಪ್ರತಿ ಗುರುವಾರ ಮೈಸೂರಿನಿಂದ ಬರುವ ಡಾಕ್ಟರು, ಲಿವರ್ ಪೂರ್ತಿ ಗಟ್ಟಿಯಾಗಿದೆಯೆಂದು ಬರೆದರು. ಅವರು ಕಂಡದ್ದನ್ನು ಬರೆದರು. ಹಾಗೆ ಕಾಣಿಸಿದವನು ನಾನು.

ಕಳೆದ ವಾರ ನಿಮ್ಮ ಮೇಜಿನ ಖಾನೆಯಲ್ಲಿ ಮೇಕೆಯ ಮೇಣದ ಬಿಲ್ಲೆ ಸಿಕ್ಕಿತು. ಬರೀ ನಿಮ್ಮ ನೆನಪಿಗೆಂದು ಒಂದು ಪದರ ಸೀಳಿ ಅದೇ ಹಳೆಯ ಕೆಂಪಿನ ಸೀಸೆಯಲ್ಲಿ ಅದ್ದಿ, ಉಳಿದ ಬಣ್ಣಗಳನ್ನೂ ಹಾಕಿದೆ. ಮೇಕೆಯ ಮಾಂಸವೂ ನೀಲಿ! ಆ ಸೀಸೆ ಹಳತಾದ ಮೇಲೆ ಅದ್ದಿದ್ದು ಪುಟ್ಟತಾಯಕ್ಕನದೊಂದೇ. ಹೊಸ ಕೆಂಪು ಕಲಸಿ, ಅವರ ಬಿಲ್ಲೆಯನ್ನು ಮತ್ತೆ ಸೀಳಿ, ಮೇಕೆಯ ಪಕ್ಕವೇ ಬಣ್ಣ ಹಾಕಿದೆ. ಮೇಕೆ ಕೆಂಪು. ಅಕ್ಕನ ಲಿವರೂ ಬಹುಪಾಲು ಕೆಂಪು, ಅಲ್ಲಲ್ಲಿ ನೀಲಿ ಎಳೆ ಅಷ್ಟೆ. ಔಷಧಿಗೆ ಬಗ್ಗುವ ಕಾಯಿಲೆ ಅಂದರು ಡಾಕ್ಟರು, ಹೊಸ ವರದಿಯನ್ನು ಅಂಚೆಗೆ ಹಾಕಿದರೆ ಸಾಕು ಅಂದರು. ಸಾಕೇ ಅಣ್ಣ?

ನಿನ್ನೆ ಅಂತರಸಂತೆಗೆ ಹೋಗಿ, ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಪುಟ್ಟತಾಯಕ್ಕ ಬೈಯಲಿಲ್ಲ. ಬೈದಿದ್ದರೆ... ಸೆರಗು ಹಿಂಡುತ್ತ ಅಂದರು: "ನನ್ ಕೂಸು ಅತ್ಕೊಂಡು ಓಯ್ತು ಕಣಪ್ಪ. ನನ್ಗೇಳ್ದಂಗೆ ಅದ್ಕೂ ನೀನೇ ಬಂದೇಳು."

ತಂಗಿ ಮಗುವನ್ನು ಬಸ್ಸಿನಲ್ಲಿ ಕರೆತರುತ್ತಾಳೆ. ಏಳು ವರ್ಷದ ಮಗುವಿಗೆ ಅರ್ಥವಾಗಲೆಂದು ಎರಡು ಮೇಕೆ ಸ್ಲೈಡುಗಳನ್ನೂ, ನೀಲಿಯದನ್ನೂ ಕೆಂಪಿನದನ್ನೂ, ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಮಾತು ತಡವರಿಸಿದರೆ ನೀವು ಪಕ್ಕದಲ್ಲಿರಬೇಕು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅಂತರಸಂತೆಯ ಬಸ್ ನಿಲ್ದಾಣದಲ್ಲಿ.