ಬಾಯಿ ಕಟ್ಟಿದ ಕ್ಯಾಪ್ಟನ್

ಫೆಬ್ರವರಿ 6, ಬೆಳಿಗ್ಗೆ

ಮತ್ತೆ ಬಿಸಿನೀರಿನ ಪಾತ್ರೆ, ಮತ್ತೆ ಆವಿ. ತಲೆ ಮೇಲೆ ಟವೆಲ್ ಹೊದ್ದು ಕೂತೆ. ಹೊರಗಿನಿಂದ ನೋಡಿದವರಿಗೆ ವೇಷ ಬಿಚ್ಚಿಟ್ಟ ರಾವಣ ಪರದೆ ಹಿಂದೆ ಅಳುತ್ತಾ ಕೂತ ಹಾಗೆ ಕಾಣಬೇಕು.

ಗಂಟಲಿನ ಗಂಟು ತೆಗೆದು ವಾರವಾಗುತ್ತ ಬಂತು. ಐದು ವಾರ ಮಾತು ಬಂದ್. ಪಿಸುಮಾತೂ ಕೂಡದಂತೆ, ಅದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಹೆಂಡತಿ ಅಂಗಡಿಯಿಂದ ಮಕ್ಕಳ ಸ್ಲೇಟು ತಂದುಕೊಟ್ಟಿದ್ದಾಳೆ. ಅಂಚಿಗೆ ಹಳದಿ ಬಾತುಕೋಳಿ. ಎದೆ ಮೇಲೆ ಪದಕ ಹಾಕಿಕೊಂಡವನ ಕೈಗೆ ಬಾತುಕೋಳಿ ಸ್ಲೇಟು.

ಅದರಲ್ಲಿ ಹಿಡಿಯದ್ದೆಲ್ಲ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಯಾರು ಓದಬೇಕು ಇದನ್ನ.

ಫೆಬ್ರವರಿ 9

ನೌಕಾದಳದ ಸಮಾರಂಭ ವಿಭಾಗದ ಅಧಿಕಾರಿ ಫೋನ್ ಮಾಡಿದ. ನನ್ನ ಹಡಗನ್ನು ಗುಜರಿಗೆ ಕಳಿಸುತ್ತಾರಂತೆ. ಇದೇ ಇಪ್ಪತ್ತೇಳಕ್ಕೆ ಕೊನೆಯ ಸಾರಿ ಬಾವುಟ ಇಳಿಸುವುದು.

ನಮ್ಮಲ್ಲಿ ಒಂದು ಪದ್ಧತಿ. ಹಡಗು ನಿವೃತ್ತಿಯಾಗುವ ದಿನ, ಅದನ್ನು ನಡೆಸಿದವರಲ್ಲಿ ಬದುಕಿರುವ ಅತಿ ಹಿರಿಯ ಕ್ಯಾಪ್ಟನ್ ಬಂದು ಕೊನೆಯ ಆರ್ಡರ್ ಕೊಡಬೇಕು. ಎರಡೇ ಪದ — ಬಾವುಟ ಇಳಿಸಿ. ಮೈಕ್ ಇಲ್ಲ. ಆ ಹೊತ್ತಿಗೆ ಹಡಗಿನ ಜನರೇಟರ್ ನಿಂತಿರುತ್ತದೆ, ಕರೆಂಟೇ ಇರುವುದಿಲ್ಲ. ಬರೀ ಗಂಟಲು.

ಅತಿ ಹಿರಿಯ ನಾನೇ. ನನಗಿಂತ ಮುಂಚಿನವರೆಲ್ಲ ಹೋದರು.

ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಅಂದಳು, "ಬರ್ತಾರಪ್ಪ. ಆದ್ರೆ ಮಾತಾಡಲ್ಲ. ಡಾಕ್ಟರು ಬಿಟ್ಟಿಲ್ಲ."

ಟೇಬಲ್ ಗುದ್ದಿದೆ.

"ಏನಮ್ಮ ಅದು ಸದ್ದು?"

"ಏನಿಲ್ಲ. ಸಾಹೇಬ್ರು ಒಪ್ಕೋತಿದಾರೆ."

ಫೆಬ್ರವರಿ 11

ಡಾಕ್ಟರ ಹತ್ತಿರ ಹೋದೆ. ಸ್ಲೇಟಲ್ಲಿ ದೊಡ್ಡದಾಗಿ ಬರೆದು ಮುಖಕ್ಕೆ ಹಿಡಿದೆ: ಎರಡೇ ಪದ.

ಆತ ಕನ್ನಡಕ ಹಣೆಗೇರಿಸಿದ. "ಎಷ್ಟು ದೂರಕ್ಕೆ ಕೇಳಿಸ್ಬೇಕು?"

ಹಡಗಿನ ಈ ತುದಿಯಿಂದ ಆ ತುದಿಗೆ, ಅಂತ ಬರೆದೆ.

"ಹಾಗಾದ್ರೆ ನೀವೇ ತೀರ್ಮಾನ ಮಾಡ್ಕೊಳ್ಳಿ. ಆ ಒಂದು ಆರ್ಡರ್ ಬೇಕಾ, ಮಿಕ್ಕ ಆಯಸ್ಸಿನ ಮಾತು ಬೇಕಾ. ಹಸಿ ಗಾಯ. ಬಿರಿದ್ರೆ ನಾನು ಹೊಲಿಯೋಕಾಗಲ್ಲ. ಆಮೇಲೆ ಬಾಯಿ ತೆಗೆದ್ರೆ ಬರೋದು ಬರೀ ಗಾಳಿ."

ಇಂಥ ಡೈಲಾಗನ್ನು ನಮ್ಮಪ್ಪ ತನ್ನ ನಾಟಕ ಕಂಪನಿಯಲ್ಲಿ ಯಮನಿಗೆ ಕೊಡುತ್ತಿದ್ದ. ಈತ ಬಿಳಿ ಕೋಟು ಹಾಕಿ, ಚೀಟಿ ಬರೆಯುತ್ತಾ ಹೇಳಿದ.

ಫೆಬ್ರವರಿ 12

ಅಧಿಕಾರಿ ಮತ್ತೆ ಫೋನ್. ಉಪಾಯ ಹುಡುಕಿದ್ದಾನಂತೆ. ನನ್ನ ಹಳೆಯ ರೇಡಿಯೋ ಭಾಷಣದ ಟೇಪ್ ಇದೆ, ಅದರಿಂದ ಪದ ಕತ್ತರಿಸಿ ಅಂಟಿಸಿ, ದಡದ ಮೇಲೆ ಸ್ಪೀಕರ್ ಇಟ್ಟು… ಬದುಕಿರುವಾಗಲೇ ತಿಥಿ ಮಾಡುತ್ತಾನಂತೆ.

ಅದು ಬೇಡವಾದರೆ ಇನ್ನೊಂದು. ನನ್ನ ಕೈಕೆಳಗೆ ಸೆಕೆಂಡ್ ಇನ್ ಕಮಾಂಡ್ ಆಗಿದ್ದವನು, ನನ್ನ ನಂತರ ಅದೇ ಹಡಗಿಗೆ ಕ್ಯಾಪ್ಟನ್ ಆದವನು, ಅವನು ಆರ್ಡರ್ ಕೊಡಬಹುದಂತೆ.

ಪೀಪಿ.

ನಾನೇ ಇಟ್ಟ ಹೆಸರು. ಆ ದನಿಗೆ ಬೇರೆ ಹೆಸರಿಲ್ಲ. ಸಿಟ್ಟಿನಲ್ಲಿ ಆರ್ಡರ್ ಕೊಟ್ಟರೂ ಮನೆಯಲ್ಲಿ ಹಾಲು ಉಕ್ಕಿತೇನೋ ಅನ್ನಿಸಬೇಕು.

ನನ್ನ ಹಡಗಿನ ಬಾವುಟ ಪೀಪಿ ಊದಿ ಇಳಿಸುವುದೇ?

ಫೆಬ್ರವರಿ 15, ಮಧ್ಯಾಹ್ನ

ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದೆ. ಆ ಸದ್ದಿನ ಮರೆಯಲ್ಲಿ ಒಂದೇ ಒಂದು ಸಲ, ಮೆಲ್ಲಗೆ, 'ಬಾ' ಅಂತ ಪರೀಕ್ಷೆ ಮಾಡೋಣ ಅಂತ. ಬಾಯಿ ತೆರೆಯುವಷ್ಟರಲ್ಲಿ ನೀರು ನಿಂತಿತು. ಮೇನ್ ವಾಲ್ವ್ ಬಂದ್.

ಬಾಗಿಲಾಚೆಯಿಂದ ಹೆಂಡತಿ. "ಮುಗೀತೇನ್ರೀ ಸ್ನಾನ?"

ಈಚೆಗೆ ಇವಳ ಹಾರಾಟ ಹೆಚ್ಚಾಗಿದೆ. ಮದುವೆಯಾದಾಗಿನಿಂದ ಇದೇ ಮೊದಲ ಸಾರಿ ಶುರು ಮಾಡಿದ ಮಾತು ಮುಗಿಸುತ್ತಿದ್ದೀನಿ ಅಂತ ತಂಗಿಗೆ ಫೋನಲ್ಲಿ ಹೇಳುತ್ತಿದ್ದಳು. ನಾನು ಎದುರಿಗೇ ಕೂತಿದ್ದೆ. ಉಪ್ಪು ಕಡಿಮೆ ಅಂತ ಬರೆದರೆ ಓದದೆಯೇ ಒರೆಸುತ್ತಾಳೆ.

ಫೆಬ್ರವರಿ 24, ಸಂಜೆ

ಪೀಪಿ ಬಂದಿದ್ದ. ಕೂದಲೆಲ್ಲ ಬಿಳಿ. ದನಿ ಮಾತ್ರ ಹಾಗೇ.

"ಅತ್ತಿಗೆ, ಸಾರ್ ಹೇಗಿದಾರೆ?"

"ಇಲ್ಲೇ ಇದಾರಲ್ಲ. ಗುರ್ ಅಂತಿದಾರೆ, ಅದೂ ಒಳಗೊಳಗೇ."

ಕಾಫಿ ಕುಡಿದ. ಲೋಟ ಕೈಯಲ್ಲೇ ತಿರುಗಿಸುತ್ತಾ ಕೂತ. ಆಮೇಲೆ, "ಸಾರ್, ಆರ್ಡರ್ ನಾನು ಕೊಡ್ತೀನಿ. ನೀವು ನಿಮ್ಮ ಜಾಗದಲ್ಲಿ ನಿಂತಿರಿ, ಸಾಕು."

ಬರೆದೆ: ಸತ್ತರೂ ಇಲ್ಲ.

"ಹಾಗಾದ್ರೆ ಒಂದು ವಿಷಯ ಹೇಳ್ಬಿಡ್ತೀನಿ. ಬೈಬಾರದು."

"ಬೈಯೋಕಾಗಲ್ಲ, ಧೈರ್ಯವಾಗಿ ಹೇಳಿ," ಅಂದಳು ಇವಳು.

"ಆವತ್ತು ಬೆಂಕೀಲಿ ನಿಮ್ಮ ದನಿ ನಮಗೆ ಕೇಳಿಸ್ಲೇ ಇಲ್ಲ ಸಾರ್."

ಬೆಂಕಿ ಅಂದರೆ ನನ್ನ ಬದುಕಿನ ಬೆಂಕಿ. ಇಂಜಿನ್ ರೂಮಿಗೆ ಹತ್ತಿಕೊಂಡು, ದೀಪ ಹೋಗಿ, ಸ್ಪೀಕರ್ ಸತ್ತು, ಕೆಳಗೆ ಪೀಪಿಯೂ ಸೇರಿ ಹದಿಮೂರು ಜನ ಹೊಗೆಯಲ್ಲಿ ಸಿಕ್ಕಿಕೊಂಡಿದ್ದರು. ಮೇಲೆ, ಕೆಳಗಿನಿಂದ ಡೆಕ್ಕಿಗೆ ಹತ್ತಿ ಬರುವ ಹ್ಯಾಚ್ ಬಾಗಿಲ ಬಾಯಲ್ಲಿ ನಾನು. ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ಮೈಕ್ ಕಾಣದ ಕಾಲದಲ್ಲಿ ಕೊನೆಯ ಬೆಂಚಿನ ತನಕ ಮುಟ್ಟಿಸುತ್ತಿದ್ದ ಅಪ್ಪನ ಗಂಟಲು ನನಗೆ ಬಂದದ್ದು ಅದಕ್ಕೇ ಅನ್ನಿಸುವ ಹಾಗೆ ಕೂಗಿದೆ. ಹದಿಮೂರೂ ಜನ ಹತ್ತಿ ಬಂದರು. ಪದಕ ಕೊಟ್ಟಿದ್ದು ಆ ಕೂಗಿಗೆ. ಎಷ್ಟು ಸ್ಕೂಲು, ಎಷ್ಟು ವೇದಿಕೆ, ಎಷ್ಟು ಸಲ ಅದನ್ನೇ ಹೇಳಿದ್ದೇನೆ.

"ಬೆಂಕಿ ಆರಿಸೋ ಡೀಸೆಲ್ ಪಂಪು ಆ ಪರಿ ಬಡ್ಕೋತಿತ್ತು. ನಾನು ಕೂಗಿದ್ದು ನನಗೇ ಕೇಳ್ತಿರ್ಲಿಲ್ಲ. ಒಬ್ಬರ ಬೆಲ್ಟ್ ಒಬ್ಬರು ಹಿಡ್ಕೊಂಡ್ವಿ. ಮುಂದೆ ಇದ್ದೋನು ನಾನು."

ದಾರಿ ಹೇಗೆ ಗೊತ್ತಾಯ್ತು, ಅಂತ ಬರೆದೆ. ಸೀಮೆಸುಣ್ಣ ಮುರಿಯಿತು.

"ಹತ್ತಿರದ್ದು ಇನ್ನೊಂದು ಹ್ಯಾಚು. ಆದ್ರೆ ಬೆಂಕಿ ಬಿದ್ರೆ ಮುಚ್ಬೇಕು ಅಂತ ರೂಲ್ ಅಲ್ವಾ, ಮುಚ್ಚಿರ್ತಾರೆ ಅನ್ನಿಸ್ತು. ನಿಮ್ಮದನ್ನ ನೀವು ಮುಚ್ಚಿರಲ್ಲ ಅಂತ ಗ್ಯಾರಂಟಿ ಇತ್ತು. ಅಲ್ಲಿ ನಿಂತ್ಕೊಂಡು ಬೈತಿರ್ತೀರಿ ಅಂತ ಗೊತ್ತಿತ್ತು. ಕೇಳಿಸ್ಬೇಕು ಅಂತೇನಿರ್ಲಿಲ್ಲ."

ಬರೆದೆ: ಇಷ್ಟು ವರ್ಷ ಯಾಕೆ ಹೇಳಲಿಲ್ಲ?

"ನಿಮ್ಮೆದುರು ಯಾರಿಗೆ ಸಾರ್ ಸಂದು ಸಿಕ್ಕಿತ್ತು."

ಹೆಂಡತಿ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಬಾಗಿಲು ತೋರಿಸಿದೆ. ಹೋದ. ಹೋಗುವಾಗ ಸೆಲ್ಯೂಟ್ ಬೇರೆ.

ಫೆಬ್ರವರಿ 26

ನಿನ್ನೆಯೆಲ್ಲ ಏನೂ ಬರೆಯಲಾಗಲಿಲ್ಲ. ಕೇಳಿಸಲೇ ಇಲ್ಲವಂತೆ. ಅಂದರೆ ಇಷ್ಟು ವರ್ಷ ನಾನು ಯಾರಿಗೆ, ಏನನ್ನ…

ತೀರ್ಮಾನವಾಯಿತು. ನಾಳೆ ಕೂಗುತ್ತೇನೆ. ಗಂಟಲು ಹರಿದರೆ ಹರಿಯಲಿ. ಒಂದು ಸಲವಾದರೂ ಎಲ್ಲರಿಗೂ ಕೇಳಿಸಲಿ.

ಇವಳು ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತದೆ ಅಂದಳು, "ನಾಳೆ ಕೂಗೇ ಕೂಗ್ತೀರ ಅಂತ ನಂಗೊತ್ತು. ತಡೆಯಲ್ಲ. ಅದಕ್ಕೆ ಮುಂಚೆ ಒಂದ್ಸಲ ನನ್ನ ಹೆಸರು ಹಿಡಿದು ಕರೀರಿ. ಆಮೇಲೆ ಸಿಗಲ್ವಲ್ಲ."

ತಲೆ ಅಲ್ಲಾಡಿಸಿದೆ. ಇರುವುದು ಒಂದೇ ಕೂಗಿನಷ್ಟು. ಅದು ಇಡಿಯಾಗಿ ನಾಳೆಗೆ ಬೇಕು.

"ಅದೂ ಗೊತ್ತಿತ್ತು," ಅಂದಳು. ಕಾಲರ್ ತಿರುಗಿಸಿ ಹಾಕಿದಳು. ಒಂದೇ ಜಾಗದ ಮೇಲೆ ಬಹಳ ಹೊತ್ತು ಇಸ್ತ್ರಿ ಉಜ್ಜಿದಳು.

ಫೆಬ್ರವರಿ 27, ಸಮಾರಂಭ ಮುಗಿಸಿ ಬಂದು

ಬರೆಯಲೂ ನಾಚಿಕೆ.

ಸಂಜೆ ಗಾಳಿ ಜೋರಿತ್ತು. ಹಡಗು ಸತ್ತ ಹಾಗೆ ನಿಂತಿತ್ತು, ಕಾಲಡಿಯ ಕಬ್ಬಿಣದಲ್ಲಿ ಆ ಸಣ್ಣ ನಡುಕ ಇರಲಿಲ್ಲ. ಡೆಕ್ ಮೇಲೆ ಸಾಲಾಗಿ ನಾವಿಕರು. ದಡದ ಮೇಲೆ ಕುರ್ಚಿಗಳು, ಮೊದಲ ಸಾಲಿನಲ್ಲಿ ಹೆಂಡತಿ, ಪಕ್ಕ ಪೀಪಿ. ಆ ತುದಿಯಲ್ಲಿ ಬಾವುಟದ ಹಗ್ಗ ಹಿಡಿದು ದಪ್ಪ ಮೀಸೆಯ ಹಳೇ ನಾವಿಕ, ಕಣ್ಣೆಲ್ಲ ನನ್ನ ಮೇಲೆ.

ನನ್ನ ಜಾಗಕ್ಕೆ ಹೋದೆ. ಕಾಲು ಅಗಲಿಸಿ ನಿಂತೆ. ಹೊಟ್ಟೆಯ ತಳದಿಂದ ಉಸಿರು ಎಳೆದೆ. ಎದೆ ಅಗಲವಾಯಿತು, ಪದಕ ಒಂದಕ್ಕೊಂದು ತಾಕಿ ಸದ್ದಾಯಿತು. ಗದ್ದ ಎತ್ತಿದೆ. ಬಾಯಿ ತೆರೆದೆ.

ಬಾವುಟ ಇಳಿಯತೊಡಗಿತು.

ನಾನಿನ್ನೂ ಏನೂ ಅಂದಿರಲಿಲ್ಲ. ಬಾಯಿ ತೆರೆದದ್ದು ತೆರೆದೇ ಇತ್ತು. ಸರಸರ ಅಂತ ಇಳಿಯಿತು, ಸಾಲಿಗೆ ಸಾಲೇ ಸೆಲ್ಯೂಟ್ ಹೊಡೆಯಿತು, ಬ್ಯಾಂಡು ಶುರುವಾಯಿತು. ಅದರ ಮೇಲೆ ಕೂಗಿ ಏನು ಮಾಡಲಿ, ಇಳಿದ ಬಾವುಟವನ್ನು ಇಳಿಸಿ ಅಂತ ಹೇಳಲೇ? ಮೀನಿನ ಹಾಗೆ ಬಾಯಿ ಮುಚ್ಚಿದೆ. ನಾನೂ ಸೆಲ್ಯೂಟ್ ಹೊಡೆದೆ.

ಆಮೇಲೆ ಮೀಸೆಯವನನ್ನು ಹಿಡಿದುಕೊಂಡೆ. ಕೈಯಲ್ಲೇ ಕೇಳಿದೆ, ಏನಯ್ಯಾ ಇದು.

"ನೀವು ಉಸಿರು ತಗೊಂಡ್ರಿ, ಬಾಯಿ ತೆಗೆದ್ರಿ ಸಾರ್. ಗಾಳೀಲಿ ನನಗೆ ಕೇಳಿಸ್ಲಿಲ್ಲ ಅಷ್ಟೇ. ಆರ್ಡರ್ ಬಂತು ಅಂತ್ಲೇ ತಿಳ್ಕೊಂಡೆ. ತಪ್ಪಾಯ್ತಾ ಸಾರ್?"

ಬೆನ್ನು ತಟ್ಟಿದೆ. ಬೇಕಾಗಿದ್ದದ್ದಕ್ಕಿಂತ ಜೋರಾಗಿ.

ಕಾರಿನಲ್ಲಿ ಇವಳು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ. ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು.

ಗಂಟಲಿಗೆ ಏನೂ ಆಗಿಲ್ಲ. ಆರ್ಡರ್ ಹೊಟ್ಟೆಯಲ್ಲೇ ಉಳಿಯಿತು. ಈಗಲೂ ಅಲ್ಲೇ ಇದೆ, ಕಲ್ಲು ನುಂಗಿದ ಹಾಗೆ.

ಫೆಬ್ರವರಿ 28, ಬೆಳಿಗ್ಗೆ

ಅಧಿಕಾರಿಯ ಫೋನ್. ಸ್ಪೀಕರಿನಲ್ಲಿ.

"ಅಮ್ಮಾ, ಸಾಹೇಬ್ರಿಗೆ ಹೇಳಿ. ಈ ವಯಸ್ಸಲ್ಲೂ ಏನು ದನಿ. ದಡದ ಮೇಲೆ ಕೊನೇ ಸಾಲಲ್ಲಿ ನಮ್ಮ ಮಾವ ಕೂತಿದ್ರು, ಅವರಿಗೂ ಸ್ಪಷ್ಟವಾಗಿ ಕೇಳಿಸ್ತಂತೆ. ಮೈ ಜುಮ್ ಅಂತಂತೆ."

ಸ್ಲೇಟು ಎತ್ತಿಕೊಂಡು 'ನಾನು ಕೂಗಲೇ ಇಲ್ಲ' ಅಂತ ಬರೆದೆ. ಬರೆದು ಫೋನಿಗೆ ತೋರಿಸಿದೆ. ಫೋನಿಗೆ.

ಹೆಂಡತಿ ತಣ್ಣಗೆ, "ಥ್ಯಾಂಕ್ಸ್ ಅಂತಿದಾರೆ."

ಕಿತ್ತುಕೊಂಡೆ. ಒಂದೇ ಪದ ಹೇಳಿಬಿಡೋಣ, 'ಸುಳ್ಳು' ಅಂತ. ಉಸಿರು ಎಳೆದುಕೊಂಡೆ.

"ಆಯ್ತು ಸಾರ್, ಅರ್ಥವಾಯ್ತು," ಅಂದು ಆತ ಫೋನ್ ಇಟ್ಟುಬಿಟ್ಟ.

ಅರ್ಥವಾಯಿತಂತೆ. ಏನು ಅರ್ಥವಾಯಿತು ಅವನಿಗೆ? ಡಾಕ್ಟರು ಮಾತಾಡಲು ಬಿಡಲಿ, ಅವತ್ತು ಮೊಟ್ಟಮೊದಲು ಆ ಮಾವನ ಮನೆಗೆ ಹೋಗಿ—