ಈರಕ್ಕನ ಹೊಂಗೆಮರ ಮತ್ತು ನನ್ನ ಹಸಿರು ಕರೆಂಟು

ಮಾನ್ಯ ಅಧಿಕಾರಿಗಳೇ,

ಚಾವಣಿ ಸೌರ ವಿದ್ಯುತ್ತಿಗೆ ಮಂಜೂರಾತಿ ಕೊಡುವ ನಿಮ್ಮ ಕಚೇರಿಯ ಅರ್ಜಿ ನಮೂನೆಯಲ್ಲಿ ‘ಚಾವಣಿಯ ಮೇಲೆ ನೆರಳು ಬೀಳುತ್ತದೆಯೇ?’ ಎಂಬ ಕಾಲಂ ಇದೆ. ‘ಆ ನೆರಳಿನಲ್ಲಿ ಯಾರಾದರೂ ಮಲಗುತ್ತಾರೆಯೇ?’ ಎಂಬ ಕಾಲಂ ಇಲ್ಲ. ಇದೇ ನನ್ನ ದೂರು. ಇದರಲ್ಲಿ ಮೊದಲನೇ ಆರೋಪಿ ನಾನೇ, ನೀವು ಎರಡನೆಯವರು. ಬೇಜಾರು ಮಾಡಿಕೊಳ್ಳಬೇಡಿ.

ನಾನು ಹಿರೇನಲ್ಲೂರಿನವನು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಪಕ್ಕದ ಶೀಟಿನ ಮನೆ ಈರಕ್ಕನದು. ಅವರ ಗಂಡ ರೇವಣಪ್ಪ ಊರಿಗೆ ಕೊಳಾಯಿ ನೀರು ಬಿಡುತ್ತಿದ್ದವರು. ಆರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು, ಮಾತು ಮೂರೂ ಹೋದವು. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಗಟ್ಟಿಮುಟ್ಟಾದವರೇ ಕೂರಲಾರರು. ಹಾಗಾಗಿ ಬಿಸಿಲೇರುವ ಮುಂಚೆ ಈರಕ್ಕ ಗಂಡನನ್ನು ಅಂಗಳದ ಹೊಂಗೆಮರದ ಕೆಳಗಿನ ಮಂಚಕ್ಕೆ ಸಾಗಿಸಿ, ಹೊತ್ತಿಳಿದ ಮೇಲೆ ಒಳಗೆ ಕರೆತರುತ್ತಿದ್ದರು. ಮಧ್ಯಾಹ್ನ ಎರಡರ ಮೇಲೆ ಆ ಮರದ ನೆರಳು ನಮ್ಮ ತಾರಸಿಗೂ ಬೀಳುತ್ತಿತ್ತು. ಪ್ಯಾನೆಲ್ ಹಾಕುವ ಏಜೆನ್ಸಿಯವನು ಮೇಲೆ ಹತ್ತಿ ನೋಡಿ, ‘ಸಾರ್, ಈ ಮರ ಇದ್ರೆ ಅರ್ಧ ಪ್ಯಾನೆಲ್ ದಂಡ’ ಅಂದ. ಹಾಗಾದರೆ ಅರ್ಧವೇ ಹಾಕಪ್ಪ ಅನ್ನಬಹುದಿತ್ತು. ಅನ್ನಲಿಲ್ಲ. ಬೀದಿಗೆಲ್ಲ ಮೊದಲ ಸೋಲಾರ್ ಮನೆ ನನ್ನದಾಗಬೇಕಿತ್ತು, ಅದೂ ತಾರಸಿ ತುಂಬ.

ನಮ್ಮ ಕಡೆ ಯುಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಅವತ್ತು ಯಾರೂ ಜಗಳ ಆಡುವುದಿಲ್ಲ. ಮನೆಗೆ ಬಂದು ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಹೋದ ವರ್ಷ ನಾನು ಬೇಕೆಂದೇ ಆ ದಿನ ನೋಡಿಕೊಂಡು ಈರಕ್ಕನ ಮನೆಗೆ ಹೋದೆ. ಮರ ಕಡಿಯಲು ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಬರೆದಿಟ್ಟಿದ್ದೆ. ‘ಸ್ವಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ’ ಎಂದೆಲ್ಲ. ಮೂವತ್ತೆರಡು ವರ್ಷ ಅದೇ ಕಸುಬು ಮಾಡಿದವನಿಗೆ ಪದಗಳಿಗೇನು ಬರ? ಈರಕ್ಕ ಗಂಡನ ಕಡೆ ನೋಡಿದರು, ಮರದ ಕಡೆ ನೋಡಿದರು. ‘ಇವತ್ತೇ ಕೇಳ್ಬೇಕಿತ್ತೇನಣ್ಣ?’ ಅಂದರು. ‘ಇನ್ನೊಂದು ಗಿಡ ನೆಡ್ಸಿಕೊಡ್ತೀನಿ ಈರಕ್ಕ. ಅಲ್ಲೀತಂಕ ನಮ್ಮ ಜಗುಲಿ ಇಲ್ವಾ?’ ಅಂದೆ. ಹೆಬ್ಬೆಟ್ಟು ಒತ್ತಿದರು. ರೇವಣಪ್ಪ ಮಾತ್ರ ಮಂಚದ ಮೇಲಿಂದ ಬಲಗೈ ಎತ್ತಿ ಬೇಡ, ಬೇಡ ಎಂದು ಆಡಿಸುತ್ತಲೇ ಇದ್ದರು. ನೊಣ ಓಡಿಸುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಲಾರಿನಿಂದ ಲಾಭವಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಬಿಲ್ಲು ಇಳಿದಿದೆ. ಮಿಕ್ಸಿ, ಮೋಟರು, ಇಸ್ತ್ರಿಪೆಟ್ಟಿಗೆ ಎಲ್ಲ ಬಿಸಿಲಲ್ಲೇ ನಡೆಯುತ್ತವೆ. ಮಿಕ್ಕಿದ ಕರೆಂಟು ನಿಮ್ಮ ತಂತಿ ಸೇರುತ್ತದೆ. ಎಲ್ಲೋ ಅಷ್ಟು ಕಲ್ಲಿದ್ದಲು ಕಡಿಮೆ ಉರಿದಿರಲೂಬಹುದು, ಒಳ್ಳೆಯದೇ. ಆದರೆ ಪ್ಯಾನೆಲ್ ಜೊತೆಗೆ ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ತೆರೆದರೆ ಹಸಿರು ಅಕ್ಷರದಲ್ಲಿ, ‘ಅಭಿನಂದನೆಗಳು! ನೀವು ಈವರೆಗೆ ಹದಿನೇಳು ಮರ ನೆಟ್ಟದ್ದಕ್ಕೆ ಸಮ’ ಎಂದು ಬರುತ್ತದೆ. ಯಾವ ಊರಲ್ಲಿವೆ ಸ್ವಾಮಿ ಆ ಹದಿನೇಳು ಮರ? ಅವುಗಳಲ್ಲಿ ಒಂದರ ಕೆಳಗಾದರೂ ರೇವಣಪ್ಪನವರ ಮಂಚ ಹಾಕಬಹುದೇ? ಕೂಡುವುದನ್ನು ಕಲಿತ ಆ್ಯಪಿಗೆ ಕಡಿದ ಒಂದನ್ನು ಕಳೆಯುವುದನ್ನು ಯಾರೂ ಕಲಿಸಲಿಲ್ಲವೇ?

ಮರ ಉರುಳಿದ ಮೇಲೆ ನಮ್ಮ ಜಗುಲಿಗೆ ಅವರು ಎರಡೇ ದಿನ ಬಂದದ್ದು. ಮೂರನೇ ದಿನ ರೇವಣಪ್ಪ ಮಂಚದ ಪಟ್ಟಿ ಹಿಡಿದುಕೊಂಡು ಬಿಡಲಿಲ್ಲ. ‘ಬರಲ್ಲ ಅಂತಾರೆ ಕಣಣ್ಣ, ನಾನೇನ್ ಮಾಡ್ಲಿ’ ಎಂದು ಈರಕ್ಕ ನನ್ನನ್ನೇ ಸಮಾಧಾನ ಮಾಡಿದರು. ನಾನು ಫ್ಯಾನು ಕೊಡಿಸಿದೆ. ಅದು ಶೀಟಿನ ಬಿಸಿಗಾಳಿಯನ್ನೇ ಕೆಳಕ್ಕೆ ಬೀಸಿತು. ಮೇ ತಿಂಗಳ ಒಂದು ಮಧ್ಯಾಹ್ನ ರೇವಣಪ್ಪನವರ ಮೈ ಕೆಂಡವಾಗಿ ಪ್ರಜ್ಞೆ ತಪ್ಪಿತು. ಆಟೋದಲ್ಲಿ ಕಡೂರಿನ ಆಸ್ಪತ್ರೆಗೆ ಒಯ್ದೆವು, ನಾಲ್ಕು ದಿನ ಡ್ರಿಪ್ ಹಾಕಿದರು. ‘ಮತ್ತೆ ಹೀಗಾದ್ರೆ ಉಳ್ಸೋದು ಕಷ್ಟ. ನೆರಳಲ್ಲಿ ಇಟ್ಟಿರಿ’ ಎಂದು ಡಾಕ್ಟರು ಹೇಳಿದಾಗ ಈರಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಮ್ಮ ಮನೆಗೆ ಬಂದು ಫ್ಯಾನು ಹಾಕಿದರೆ ಹೆಂಡತಿ ಹೇಮಾವತಿ, ‘ಆ ಫ್ಯಾನ್ ಆಫ್ ಮಾಡ್ರೀ, ನಂಗೆ ಅದ್ರ ಗಾಳಿ ಬ್ಯಾಡ’ ಅಂದಳು. ಮಾಡಿದೆ. ನಾನು ನೆಡಿಸಿದ ಹೊಂಗೆಗಿಡ ಇನ್ನೂ ಮೊಣಕಾಲೆತ್ತರ ಇದೆ.

ಈಗ ಶಿವರಾತ್ರಿ ಕಳೆದಿದೆ, ಬಿಸಿಲು ಮತ್ತೆ ಶುರುವಾಗಿದೆ. ನನ್ನ ಅರ್ಧ ಪ್ಯಾನೆಲ್‌ಗಳನ್ನು ಇಳಿಸಿ ಈರಕ್ಕನ ಅಂಗಳದಲ್ಲಿ ಕಬ್ಬಿಣದ ಕಂಬಗಳ ಮೇಲೆ ಚಪ್ಪರದ ಹಾಗೆ ಕೂರಿಸಲು, ಅದರ ಕರೆಂಟನ್ನು ಅವರ ಮನೆಗೇ ಕೊಡಲು ಅನುಮತಿ ಕೇಳಿದ್ದೆ. ‘ಅರ್ಜಿದಾರರ ಮೀಟರ್ ಇರುವ ಕಟ್ಟಡದ ಚಾವಣಿ ಹೊರತು ಬೇರೆಡೆ ಅವಕಾಶವಿರುವುದಿಲ್ಲ’ ಎಂದು ನಿಮ್ಮಿಂದ ಹಿಂಬರಹ ಬಂತು. ಇಂಥ ಹಿಂಬರಹಗಳನ್ನು ನಾನೂ ಕಣ್ಣುಮುಚ್ಚಿ ಬರೆದವನೇ; ಓದುವವರ ಹೊಟ್ಟೆ ಹೇಗೆ ಉರಿಯುತ್ತದೆಂದು ಈಗ ತಿಳಿಯಿತು. ಹದಿನೈದು ದಿನದೊಳಗೆ ಅನುಮತಿ ಕೊಡಿ. ಇನ್ನು ಮುಂದೆ ಮಂಜೂರಾತಿಗೆ ಮೊದಲು ಉರಿಬಿಸಿಲಿನ ಹೊತ್ತಲ್ಲಿ ಬಂದು ಪಕ್ಕದ ಮನೆಯವರನ್ನೂ ಕೇಳಿ, ಹಬ್ಬದ ದಿನ ಬಿಟ್ಟು. ಅನುಮತಿ ಬರಲಿಲ್ಲವೋ, ನಾನು ಕಂಬ ನೆಡುವವನೇ. ಸಂಪರ್ಕ ಕಡಿಯುವುದಿದ್ದರೆ ಕಡಿಯಿರಿ. ಕರೆಂಟು ಹುಟ್ಟದಿದ್ದರೂ ಪ್ಯಾನೆಲ್ಲಿಗೆ ನೆರಳಂತೂ ಇರುತ್ತದೆ.

ಈ ವಿಚಾರ ಹೇಳಲು ನಿನ್ನೆ ಹೋಗಿದ್ದೆ. ‘ಅದ್ರ ಕೆಳ್ಗೆ ಮರದಂಗೆ ತಂಪಿರ್ತದಾ ಅಣ್ಣ?’ ಎಂದು ಈರಕ್ಕ ಕೇಳಿದರು. ‘ಇರಲ್ಲ ಈರಕ್ಕ’ ಅಂದೆ. ಅವರು ಗಂಡನ ಮುಖ ನೋಡಿದರು. ರೇವಣಪ್ಪ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದು, ಆಮೇಲೆ ಗೋಡೆ ಕಡೆ ಹೊರಳಿಕೊಂಡರು. ‘ಹಾಕ್ಸಣ್ಣ,’ ಅಂದರು ಈರಕ್ಕ, ‘ಇವ್ರು ಈ ಬ್ಯಾಸ್ಗೆ ದಾಟಿದ್ರೆ ಸಾಕು.’

ಇಂತಿ,
ಪಕ್ಕದ ಮನೆ ದಾಟುವಾಗ ತಲೆ ತಗ್ಗಿಸಿ ನಡೆಯುವ ನಿಮ್ಮ ಗ್ರಾಹಕ,
ಓಂಕಾರೇಶ್
ಹಿರೇನಲ್ಲೂರು, ಕಡೂರು ತಾಲ್ಲೂಕು