ರಾಮೇಶ್ವರದಿಂದ ಮುಂದೆ

ಶಹಾಬಾದ
೧೨ ಜನವರಿ ೧೯೮೦

ವಿಮಲಾಗೆ ಅತ್ತೆ ಮಹಾದೇವಮ್ಮ ಮಾಡುವ ಆಶೀರ್ವಾದ.

ನಿನ್ನ ಹೆಸರಿನ ಹಿಂದೆ ಏನು ಬರೆಯಬೇಕೆಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ನೀನು ನಮ್ಮ ಮನೆಗೆ ಬಂದ ಹೊಸದರಲ್ಲಿ ಚಿ. ಸೌ. ಎಂದು ಬರೆಯುತ್ತಿದ್ದೆ. ಈಗ ಗಂ. ಭಾ. ಎಂದು ಬರೆಯಬೇಕಂತೆ, ಗಂಡ ತೀರಿದವಳಿಗೆ ಅದೇ ರೂಢಿಯಂತೆ. ನಿನ್ನ ಮಾವನವರು ಹೋದಾಗಿನಿಂದ ಜನ ನನಗೂ ಹಾಗೇ ಬರೆಯುತ್ತಾರೆ. ಆ ಎರಡಕ್ಷರ ಕಂಡ ಕೂಡಲೇ ಪತ್ರ ಓದುವ ಉಮೇದು ಅರ್ಧ ಇಳಿದುಹೋಗುತ್ತದೆ. ಅದಕ್ಕೇ ಬರೀ ವಿಮಲಾ ಎಂದು ಬರೆದಿದ್ದೇನೆ. ಹೆಸರು ಚೆನ್ನಾಗಿಯೇ ಇದೆ, ಅದಕ್ಕೆ ಬೇರೆ ಏನೂ ಸೇರಿಸಬೇಕಾಗಿಲ್ಲ.

ಇದನ್ನು ನಿನ್ನ ಕೈಗೆ ಕೊಟ್ಟವಳು ಶಹರಬಾನು. ವಾಡಿ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ನಮ್ಮ ಕಾರಖಾನೆಯ ಫರಸಿಕಲ್ಲಿಗೆ ವ್ಯಾಗನ್ ಹಚ್ಚಿಕೊಡುವ ಬಂದೇಅಲಿಯ ಹೆಂಡತಿ. ಅವಳ ತವರು ಸೇಡಂ ಆದದ್ದು ನಮ್ಮ ಪುಣ್ಯ. ಅಂಚೆಗೆ ಹಾಕಿದ್ದರೆ ನಿಮ್ಮಣ್ಣ ಗುರುಲಿಂಗಪ್ಪ ಒಡೆದು ಓದಿ, ಆಮೇಲೆ ನಿನಗೆ ಕೊಡುತ್ತಿದ್ದ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ತನಗೆ ತಿಳಿಯದ ಸಂಗತಿ ಒಂದೂ ಇರಬಾರದೆನ್ನುವ ಸ್ವಭಾವ, ಅಷ್ಟೇ.

ಮೊನ್ನೆ ಸೋಮವಾರ ನಿಮ್ಮ ಮನೆಗೆ ಬಂದು ನಾನು ಆಡಿದ ಮಾತಿನಲ್ಲಿ ಅರ್ಧ ಮಾತ್ರ ನಿಜ. ಉಳಿದದ್ದನ್ನು ಈಗ ಬರೆಯುತ್ತೇನೆ.

ಗುರುಲಿಂಗಪ್ಪನ ಎದುರು ಮೊಣಕಾಲು ನೀವಿಕೊಳ್ಳುತ್ತ ಕುಳಿತದ್ದನ್ನು ನೀನು ಅಡುಗೆಮನೆಯಿಂದ ನೋಡಿರಬೇಕು. ರಾಮೇಶ್ವರಕ್ಕೆ ಹೋಗುವ ಆಸೆಯಾಗಿದೆ, ಈ ಕಾಲಿನಲ್ಲಿ ಒಬ್ಬಳೇ ಹೋಗಲಾರೆ, ಮೆಟ್ಟಿಲು ಹತ್ತಿಸಲು ಸೊಸೆಯನ್ನು ಕೆಲವು ದಿನ ಕಳಿಸಿಕೊಡು ಎಂದು ಕೇಳಿದೆ. ಅವನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಲಿಂಗ ಕೊರಳಾಗೇ ಅದಲ್ರಿ ಅವ್ವಾರ," ಎಂದ. "ಶರಣರ ಮನಿತನದವ್ರು ನಾವು. ಅಷ್ಟು ದೂರ ಹೋಗಿ ಏನ ಹುಡುಕವ್ರದೀರಿ?"

ಮಾತು ಸರಿಯಾಗಿಯೇ ಇತ್ತು. ಆದರೆ ನಾನೂ ಕಲ್ಲಿನ ವ್ಯಾಪಾರಿಗಳ ಜೊತೆ ಮಾತಾಡಿ ಬಾಯಿ ಹದಮಾಡಿಕೊಂಡವಳು. "ಕೊರಳಾಗ ಅದ ಅಂತೇ ಎಲ್ಲಿಗೆ ಬೇಕಾದ್ರೂ ಹೋಗಾಕ ಬರ್ತದಪಾ," ಎಂದೆ.

ಆಗ ಒಳಗೆ ನೀನು ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅದು ಮತ್ತೆ ಶುರುವಾಗುವ ತನಕ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದ ನಿಮ್ಮಣ್ಣ. ನೀನು ಹೊರಟರೆ ಆ ಮನೆಯ ಅಷ್ಟೂ ಜನಕ್ಕೆ ರೊಟ್ಟಿ ಬಡಿಯುವವರು ಯಾರು ಎಂಬುದೇ ಅವನ ಯೋಚನೆ. ನನಗೆ ಅದು ಗೊತ್ತಾಗದೆ ಇಲ್ಲ.

ಈಗ ಕೇಳು. ರಾಮೇಶ್ವರಕ್ಕೆ ಹೋಗುವುದು ಖರೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಹಡಗು ಹತ್ತುತ್ತೇವೆ. ನನ್ನ ಮಗ ಸೂಗಪ್ಪ ಬದುಕಿದ್ದಾಗ ನಿನ್ನನ್ನು ಕರೆದುಕೊಂಡು ಹೋಗಬೇಕೆಂದು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದನಲ್ಲ, ಆ ಶ್ರೀಲಂಕೆಗೆ. ನಿನ್ನ ಪಾಸ್‌ಪೋರ್ಟ್ ನನ್ನ ಟ್ರಂಕಿನಲ್ಲಿ ಭದ್ರವಾಗಿದೆ, ಅವಧಿಯೂ ಮುಗಿದಿಲ್ಲ. ನನ್ನದು ಹೋದ ತಿಂಗಳು ಬಂತು. ಅದರ ಫೋಟೋದಲ್ಲಿ ನಾನು ಯಾರನ್ನೋ ಬೈಯಲು ಬಾಯಿ ತೆರೆದವಳ ಹಾಗಿದ್ದೇನೆ.

ಮುಂದಿನ ತಿಂಗಳು ವಾಡಿಯಲ್ಲಿ ಮದರಾಸಿನ ಗಾಡಿ ಹತ್ತುತ್ತೇವೆ. ನೀನು ಸೇಡಂನಿಂದ ಬಾ, ನಾನು ಶಹಾಬಾದದಿಂದ ಬರುತ್ತೇನೆ. ಬಂದೇಅಲಿ ಇಬ್ಬರಿಗೂ ಸೀಟು ಮಾಡಿಸಿದ್ದಾನೆ. ಮದರಾಸಿನಿಂದ ರಾಮೇಶ್ವರ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರ್. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಆಚೆ ದಂಡೆಯಂತೆ. ಅಲ್ಲಿಂದ ರೈಲಿನಲ್ಲಿ ಅನುರಾಧಪುರ. ಮುಂದೆ ಜೀಪಿನಲ್ಲಿ ವಿಲ್ಪಟ್ಟು ಎಂಬ ಕಾಡು. ಕಾಡಿನ ನಡುವೆ ಕೆರೆಗಳು, ಕೆರೆಯ ದಂಡೆಗೆ ಬಂಗಲೆ. ಹಗಲು ಹೊತ್ತಿನಲ್ಲೇ ಚಿರತೆ ನೀರಿಗೆ ಬರುತ್ತದೆ, ಕರಡಿ ಬರುತ್ತದೆ, ಆನೆ ಬಂದರೆ ಜೀಪು ನಿಂತು ದಾರಿ ಬಿಡಬೇಕು. ಇದನ್ನೆಲ್ಲ ಸೂಗಪ್ಪ ಊಟಕ್ಕೆ ಕುಳಿತಾಗ ಹೇಳುತ್ತಿದ್ದ. ಕಾಲೇಜಿನಲ್ಲಿ ಹುಡುಗರಿಗೆ ಪ್ರಾಣಿಶಾಸ್ತ್ರ ಹೇಳಿ ಬಂದರೂ ಸಾಲದೆ ಮನೆಯಲ್ಲೂ ಅದನ್ನೇ ಬಡಿಸುತ್ತಿದ್ದ. ಆಗ ನಾನು ಸಾರು ಆರುತ್ತದೆ ಉಣ್ಣು ಎನ್ನುತ್ತಿದ್ದೆ, ಆದರೂ ಮಾತೆಲ್ಲ ತಲೆಯಲ್ಲಿ ಉಳಿದುಬಿಟ್ಟಿದೆ.

ಕಾಡು ಮುಗಿದ ಮೇಲೆ ಕೊಲಂಬೊ. ಅಲ್ಲಿಂದ ದಕ್ಷಿಣಕ್ಕೆ ಹೋಗುವ ರೈಲಿಗೆ ಸಮುದ್ರ ಎಷ್ಟು ಹತ್ತಿರವೆಂದರೆ, ಅಲೆಯ ಹನಿ ಕಿಟಕಿಗೆ ಸಿಡಿಯುತ್ತದಂತೆ. ಹಿಕ್ಕಡುವ ಎಂಬಲ್ಲಿ ಇಳಿಯೋಣ. ತಳಕ್ಕೆ ಗಾಜು ಹಚ್ಚಿದ ದೋಣಿಗಳಿವೆ, ಕುಳಿತಲ್ಲೇ ನೀರಿನೊಳಗಿನ ಮೀನು ಕಾಣುತ್ತವೆ. ಕೊಲಂಬೊದಲ್ಲಿ ಇಳಿದುಕೊಳ್ಳುವುದಕ್ಕೆ, ಜೀಪಿಗೆ, ಬಂಗಲೆಗೆ ಎಲ್ಲ ಮದರಾಸಿನ ನಮ್ಮ ಗಿರಾಕಿಯೊಬ್ಬರು ವ್ಯವಸ್ಥೆ ಮಾಡಿದ್ದಾರೆ. ಊಟದ ಚಿಂತೆ ಬೇಡ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಾನೇ ಮಾಡಿ ತರುತ್ತೇನೆ. ಆ ಒಂದು ಕೆಲಸಕ್ಕೆ ನೀನು ಕೈ ಹಚ್ಚಕೂಡದು.

ನನಗೆ ಸಮುದ್ರದ ಅಂದಾಜಿಲ್ಲ. ಚಿಂಚೋಳಿ ಕಡೆಗೆ ನೀವಿಬ್ಬರೂ ನನ್ನನ್ನು ಕರೆದುಕೊಂಡು ಹೋಗಿದ್ದಿರಲ್ಲ, ಆ ಚಂದ್ರಂಪಳ್ಳಿ ಡ್ಯಾಮಿನ ನೀರೇ ನಾನು ಕಂಡ ದೊಡ್ಡ ನೀರು. ಅವತ್ತು ಸೂಗಪ್ಪ ದುರ್ಬೀನು ಹಿಡಿದು ಆಚೆ ಗುಡ್ಡ ನೋಡುತ್ತಿದ್ದ. ನೀನು ಕಾಲ ಬುಡದಲ್ಲೇ ಕೆಸರಿನಲ್ಲಿದ್ದ ಹೆಜ್ಜೆ ತೋರಿಸಿ, ಇದು ನಾಯಿಯದಲ್ಲ, ತೋಳದ್ದು ಎಂದೆ. ಅವನು ಬಗ್ಗಿ ನೋಡಿ ಒಪ್ಪಿಕೊಂಡ. ನಿನ್ನ ಮುಖ ಆಗ ಹೇಗಿತ್ತೆಂದು ನನಗೆ ನೆನಪಿದೆ. ಮೊನ್ನೆ ಸೋಮವಾರ ಚಹಾ ತಂದಿಟ್ಟವಳ ಮುಖದಲ್ಲಿ ಆ ಕಳೆ ಇರಲಿಲ್ಲ. ನಿನ್ನನ್ನು ಕರೆದೊಯ್ಯಲು ಬೇರೆ ಕಾರಣ ನನಗೆ ಬೇಕಾಗಿಲ್ಲ.

ಜನ ಏನೆನ್ನುತ್ತಾರೆ ಎಂದು ಕೇಳಬೇಡ. ಗಂಡ ಸತ್ತ ಮೇಲೆ ಕಲ್ಲಿನ ಕಾರಖಾನೆಯಲ್ಲಿ ನಾನು ಕುರ್ಚಿ ಹಾಕಿಕೊಂಡು ಕುಳಿತಾಗಲೂ ಅಂದರು. ಈಗ ಅದೇ ಮಂದಿ ಮನೆ ಕಟ್ಟಿಸುವಾಗ ಫರಸಿ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ನಿಮ್ಮಣ್ಣನನ್ನು ಒಪ್ಪಿಸುವುದು ನನಗೆ ಬಿಡು. ಸಂಕ್ರಮಣ ಕಳೆದ ಮೇಲೆ ಮತ್ತೊಮ್ಮೆ ಬರುತ್ತೇನೆ, ಆಗ ಸ್ವಲ್ಪ ಕುಂಟುತ್ತ ಬರುತ್ತೇನೆ. ನೀನು ನಗದೆ ಇದ್ದರೆ ಸಾಕು.

ನಿನ್ನ ಹಿತ ಬಯಸುವ
ಮಹಾದೇವಮ್ಮ

ತಾ. ಕ.: ಬರುವಾಗ ನಿನ್ನ ಬಿ.ಎಸ್ಸಿ. ಸರ್ಟಿಫಿಕೇಟು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಾ. ಒಂದೆರಡು ಸೀರೆ ಹೆಚ್ಚಿಗೆ ಇರಲಿ. ಯಾಕೆಂದು ಮದರಾಸಿನಲ್ಲಿ ಹೇಳುತ್ತೇನೆ.


ಸೇಡಂ
೨೩ ಜನವರಿ ೧೯೮೦

ಪೂಜ್ಯ ಅತ್ತೆಯವರಿಗೆ ವಿಮಲಾಳ ಶರಣು ಶರಣಾರ್ಥಿ.

ನಿಮ್ಮ ಪತ್ರವನ್ನು ಹಿತ್ತಲಲ್ಲಿ ಒಲೆಯ ಕಟ್ಟಿಗೆ ತರುವ ನೆಪದಲ್ಲಿ ಓದಿದೆ. ಚಿರತೆ ಬರುವಲ್ಲಿಗೆ ಮುಟ್ಟುವಷ್ಟರಲ್ಲಿ ವೈನಿ ಕರೆದರು. ಉಳಿದದ್ದು ಓದುವ ತನಕ ಆ ದಿನ ಎರಡು ರೊಟ್ಟಿ ಸೀಯಿಸಿದೆ.

ನಾನು ಬರುತ್ತೇನೆ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನಿಮಗೆ ಸಿಟ್ಟು ಬರಬಹುದು.

ಪ್ರವಾಸಕ್ಕೆ ಹೋಗುವವರಿಗೆ ಸರ್ಟಿಫಿಕೇಟು ಬೇಕಾಗುವುದಿಲ್ಲ. ಶಹರಬಾನುವನ್ನು ಕೇಳಿದೆ. ಅವಳು ಮೊದಲು ಗೊತ್ತಿಲ್ಲ ಎಂದಳು, ಆಮೇಲೆ ಪಾಪ, ಎಲ್ಲ ಹೇಳಿದಳು. ಲಂಕೆಯಿಂದ ತಿರುಗಿ ಬರುವಾಗ ನನ್ನನ್ನು ಮದರಾಸಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬಿಟ್ಟು, ಟೀಚರ್ ಟ್ರೇನಿಂಗಿಗೆ ಸೇರಿಸಿ, ನೀವೊಬ್ಬರೇ ಶಹಾಬಾದಕ್ಕೆ ಬರುವವರಿದ್ದೀರಂತೆ. ಅಲ್ಲಿ ಬಿಟ್ಟರೆ ಅಣ್ಣ ತಿರುಗಿ ಕರೆತರಲಾರ ಎಂಬ ನಿಮ್ಮ ಲೆಕ್ಕ ನನಗೆ ಅರ್ಥವಾಯಿತು. ನನ್ನ ಒಳ್ಳೆಯದಕ್ಕೇ ಯೋಚಿಸಿದ್ದೀರಿ, ಅದೂ ಗೊತ್ತು. ಆದರೂ ಅವತ್ತು ಬಹಳ ಅತ್ತುಬಿಟ್ಟೆ.

ಇವರು ಕಾಮಾಲೆಯಾಗಿ ತೀರಿಕೊಂಡ ತಿಂಗಳಲ್ಲೇ ನೀವೂ ಅಣ್ಣನೂ ಪಡಸಾಲೆಯಲ್ಲಿ ಕುಳಿತು, ವಯಸ್ಸಿನ ಹುಡುಗಿ ತವರಿನಲ್ಲಿ ಇರುವುದೇ ಚೆಂದ ಎಂದು ತೀರ್ಮಾನಿಸಿದಿರಿ. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಒಬ್ಬರೂ ಒಳಗೆ ತಿರುಗಿ, ನಿನಗೆ ಏನು ಬೇಕು ಎಂದು ಕೇಳಲಿಲ್ಲ. ಕೇಳಿದ್ದರೆ ಶಹಾಬಾದದಲ್ಲೇ ಇರುತ್ತೇನೆ ಎನ್ನುತ್ತಿದ್ದೆ. ಈಗ ಸೇಡಂನಿಂದ ಎತ್ತಿ ಮದರಾಸಿನಲ್ಲಿ ಇಡುವಾಗಲೂ ನೀವು ಕೇಳಲಿಲ್ಲ. ನಿಮ್ಮ ಮೇಲೆ ನನಗೆ ಪ್ರೀತಿ ಇರುವುದರಿಂದಲೇ ಇಷ್ಟು ನೇರವಾಗಿ ಬರೆಯುತ್ತಿದ್ದೇನೆ.

ನನಗೆ ಮದರಾಸು ಬೇಡ. ಟ್ರೇನಿಂಗ್ ಮಾಡಬೇಕೆನಿಸಿದರೆ ಗುಲ್ಬರ್ಗಾದಲ್ಲಿ ಮಾಡಿಕೊಳ್ಳುತ್ತೇನೆ. ಲಂಕೆ ನೋಡಿ, ವಾಡಿಯಲ್ಲಿ ಇಳಿದು, ನಿಮ್ಮ ಜೊತೆ ಶಹಾಬಾದದ ಗಾಡಿ ಹತ್ತುತ್ತೇನೆ. ನಮ್ಮ ಮನೆಗೆ. ಕಾರಖಾನೆಯಲ್ಲಿ ಇನ್ನೊಂದು ಕುರ್ಚಿ ಹಾಕಿಸಿ. ಮದರಾಸಿನ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಲು ನೀವು ಪೋಸ್ಟ್ ಮಾಸ್ತರರ ಮನೆಗೆ ಹೋಗುವುದು ನನಗೆ ಮೊದಲಿಂದಲೂ ಹಿಡಿಸುತ್ತಿರಲಿಲ್ಲ.

ಈಗ ಸಿಟ್ಟು ಬರುವ ಇನ್ನೊಂದು ಸಂಗತಿ. ನೀವು ಕುಂಟುತ್ತ ಬರುವುದು ಬೇಡ. ಸಂಕ್ರಮಣದ ಮರುದಿನ ಅಣ್ಣ ಊಟ ಮುಗಿಸಿ ಕೈ ತೊಳೆಯುವಾಗ ನಾನೇ ಹೇಳಿಬಿಟ್ಟೆ. ತಯಾರಿ ಮಾಡಿಕೊಂಡು ಹೇಳಿದ್ದಲ್ಲ. ನೀರು ಹಾಕಲು ತಂಬಿಗೆ ಹಿಡಿದು ನಿಂತಿದ್ದೆ, ಬಾಯಿಂದ ಬಂದುಬಿಟ್ಟಿತು.

"ಅಣ್ಣಾ, ಅತ್ತಿಯವರ ಮೊಣಕಾಲು ನೆಟ್ಟಗವ," ಎಂದೆ. "ನಾವು ಲಂಕಾಕ್ಕ ಹೊಂಟೀವಿ. ಕಾಡು ನೋಡಾಕ, ಸಮುದ್ರ ನೋಡಾಕ. ಬಂದ ಮ್ಯಾಲೆ ನಾ ಶಹಾಬಾದದಾಗೇ ಇರ್ತೀನಿ."

ಅವನು ಎಂಜಲು ಕೈ ಹಾಗೇ ಹಿಡಿದುಕೊಂಡು ನಿಂತ. ವೈನಿ ತಾಟು ಎತ್ತುವುದನ್ನೂ ಬಿಟ್ಟರು. ನೀವು ಸುಳ್ಳು ಹೇಳಿದ್ದಕ್ಕೆ ಮೊದಲು ಬೈದ, ಆಮೇಲೆ ನನಗೆ ಯಾವುದರಲ್ಲಿ ಕಡಿಮೆ ಮಾಡಿದೆ ಎಂದು ಕೇಳಿದ. ಕಡಿಮೆ ಏನೂ ಮಾಡಿಲ್ಲ ಎಂದೆ, ಅದು ನಿಜವೂ ಹೌದು. ಕೊನೆಗೆ ದನಿ ಇಳಿಸಿ ಹೇಳಿದ:

"ಗಂಡ ಸತ್ತಾಕಿ ಸಮುದ್ರದಾಗ ಆಡಾಕ ಹೋದ್ಳು ಅಂತಾರ ಮಂದಿ."

"ಅನ್ಲಿ ಅಣ್ಣಾ. ಮಂದಿ ಅಂತಾರಂತ ನಾ ಮನ್ಯಾಗ ಇದ್ದಿದ್ದು ಸಾಕಾಯ್ತು."

ಇಷ್ಟು ಹೇಳಿ ನಾನು ಅವನ ಕೈಗೆ ನೀರು ಹಾಕಿದೆ.

ಮುಂದೆ ಕೆಲವು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಬೇಕಾದದ್ದನ್ನು ವೈನಿಯ ಮೂಲಕ ಹೇಳಿಸುತ್ತಿದ್ದ. ವೈನಿಯಂತೂ ಮರುದಿನ ಬೆಳಿಗ್ಗೆ ತಾವೇ ಒಲೆಯ ಮುಂದೆ ಕುಳಿತರು. "ನೀ ಹ್ವಾದ ಮ್ಯಾಲೆ ನಾನೇ ಮಾಡ್ಬೇಕಲ್ಲವಾ, ಈಗಿಂದೇ ಕೈ ರೂಢಿ ಆಗ್ಲಿ," ಎಂದರು. ಅದರಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ರೊಟ್ಟಿ ಮಾತ್ರ ನನ್ನವಕ್ಕಿಂತ ತೆಳ್ಳಗೆ ಬಂದವು. ನಮ್ಮ ಮನೆಗೆ ಬಂದ ಹೊಸದರಲ್ಲಿ ಅವರು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದು ಅವ್ವ ಹೇಳುತ್ತಿದ್ದದ್ದು ನೆನಪಾಯಿತು.

ಪ್ರವಾಸದ ಬಗ್ಗೆ ಎರಡು ಮಾತು. ವಿಲ್ಪಟ್ಟುವಿನಲ್ಲಿ ಒಂದೇ ದಿನ ಇರುವುದಾದರೆ ನಾನು ಒಪ್ಪುವುದಿಲ್ಲ. ಕಾಡು ಮೊದಲ ದಿನ ಏನನ್ನೂ ತೋರಿಸುವುದಿಲ್ಲ, ಚಿಂಚೋಳಿಯ ಕಾಡೇ ತೋರಿಸುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಜೀಪು ಹತ್ತಬೇಕು, ಒಳಗೆ ಹೋದ ಮೇಲೆ ಮಾತಾಡಕೂಡದು. ನಿಮಗೆ ಕಷ್ಟವಾಗುತ್ತದೆಂದು ಗೊತ್ತು, ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ. ಇವರ ದುರ್ಬೀನು ತನ್ನಿ, ಅದರ ಬೆಲ್ಟು ಹರಿದಿದ್ದರೆ ಹೊಲಿಸಿ ತನ್ನಿ. ಹಿಕ್ಕಡುವದಲ್ಲಿ ಗಾಜಿನ ದೋಣಿಯಲ್ಲಿ ನೀವು ಕುಳಿತುಕೊಳ್ಳಿ. ನಾನು ಸೀರೆ ಎತ್ತಿಕಟ್ಟಿ ನೀರಿಗೇ ಇಳಿಯುತ್ತೇನೆ.

ಅಲ್ಲಿಗೆ ಹೋದಾಗ ಇವರು ಇರಬೇಕಿತ್ತು ಎಂದು ಒಮ್ಮೆಯಾದರೂ ಅಳು ಬರುತ್ತದೆ. ನಿಮಗೂ ಬರುತ್ತದೆ. ಬಂದಾಗ ಅತ್ತು, ಮತ್ತೆ ನೋಡಲು ಹೊರಡೋಣ.

ವಾಡಿಯಲ್ಲಿ ಸಿಗುತ್ತೇನೆ.

ನಿಮ್ಮ
ವಿಮಲಾ

ತಾ. ಕ.: ಈ ಪತ್ರವನ್ನು ನಾನು ಶಹರಬಾನುವಿನ ಕೈಗೆ ಕೊಡುತ್ತಿಲ್ಲ. ಲಕೋಟೆಗೆ ವಿಳಾಸ ಬರೆಯುತ್ತಿರುವಾಗ ಅಣ್ಣ ಬಂದು ಎದುರಿಗೆ ಕುಳಿತ. ಓದಲು ಕೇಳಲಿಲ್ಲ. "ಸಮುದ್ರದ ನೀರು ಖರೇನೇ ಉಪ್ಪ ಇರ್ತದೇನು?" ಎಂದ. ಇಷ್ಟು ವರ್ಷದಿಂದ ಕಿರಾಣಿ ಅಂಗಡಿಯಲ್ಲಿ ಕುಳಿತು ಸೇಡಂಗೆಲ್ಲ ಉಪ್ಪು ತೂಗಿಕೊಟ್ಟವನು. ರುಚಿ ನೋಡಿ ಬಂದು ಹೇಳುತ್ತೇನೆ ಎಂದೆ. ಲಕೋಟೆಯನ್ನು ಅವನೇ ಅಂಟಿಸಿ, ತಾನೇ ಡಬ್ಬಿಗೆ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾನೆ. ಈ ಸಾಲುಗಳನ್ನು ಲಕೋಟೆಯ ಹಿಂಭಾಗದಲ್ಲಿ ಅವನ ಎದುರೇ ಬರೆಯುತ್ತಿದ್ದೇನೆ, ಬೇಕಾದರೆ ಓದಲಿ.